ಮೊಣಕೈ ಸಂದಿಯ ಹಸಿರು ಸೀರೆ

ನನ್ನ ತಮ್ಮ ನೋಡಲು ಚೆನ್ನಾಗಿಯೇ ಇದ್ದಾನೆ. ಅಕ್ಕನಾದ ನಾನು ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಅವನ ಫೋಟೋ ತೋರಿಸಿದರಂತೂ ಇನ್ನೂ ನಂಬುವುದಿಲ್ಲ. ಎದುರಿಗೆ ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಸಾಕು, ಅವನ ಕುತ್ತಿಗೆ ಸೆಟೆಯುತ್ತದೆ, ತುಟಿ ಬಿಗಿಯುತ್ತದೆ, ಸರಿಯಾಗಿ ಕ್ಲಿಕ್ ಎನ್ನುವ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಕಾರ್ಕಳದಲ್ಲಿ ಅವನಿಗೆ ಪಂಪ್ ರಿಪೇರಿಯ ಅಂಗಡಿಯಿದೆ. ಊರೂರಿನ ಬಾವಿಗಳಿಗೆ ಅಂಜದೆ ಇಳಿಯುವ ಮನುಷ್ಯ ಅಂಗೈಯಗಲದ ಮೊಬೈಲಿಗೆ ಏಕೆ ಹೆದರುತ್ತಾನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವನಿಗೆ ಹುಡುಗಿ ನೋಡಲು ಶುರುಮಾಡಿದಾಗ ಮೊದಲು ಎದುರಾದದ್ದೇ ಈ ತೊಂದರೆ. ಜಾತಕ ಇತ್ತು, ಅಂಗಡಿ ಇತ್ತು, ಬೆಳ್ಮಣ್ಣಿನಲ್ಲಿ ಗದ್ದೆ, ಮನೆ ಎಲ್ಲ ಇತ್ತು. ಕಣ್ಣು ತೆರೆದ ಒಂದು ಫೋಟೋ ಮಾತ್ರ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಅವನು ಪೊಲೀಸರಿಂದ ತಪ್ಪಿಸಿಕೊಂಡವನ ಹಾಗಿದ್ದಾನೆ. ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಲ್ಲಿ ಸಿಕ್ಕಿಬಿದ್ದವನ ಹಾಗಿದ್ದಾನೆ.

ಕೊನೆಗೆ ನನ್ನ ಗಂಡನ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕಿತು. ಉಡುಪಿಯ ಒಂದು ಹಾಲ್‌ನಲ್ಲಿ ನೆಂಟರ ಮದುವೆಯಾದಾಗ ನನ್ನ ಗಂಡ ಸುಮ್ಮನೆ ಅಲ್ಲಿಲ್ಲಿ ತೆಗೆದದ್ದರಲ್ಲಿ ಇದೂ ಒಂದು. ತಮ್ಮ ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಾನೆ. ತನ್ನ ಫೋಟೋ ತೆಗೆಯುತ್ತಿದ್ದಾರೆಂದು ಗೊತ್ತಿಲ್ಲದೆ ನಗುತ್ತಿದ್ದಾನೆ. ಎಂಥ ನಗು ಅಂತೀರಿ! ಕಣ್ಣು, ಕೆನ್ನೆ, ಭುಜ ಎಲ್ಲವೂ ನಗುತ್ತಿವೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇವನು ನಮ್ಮವನೇನಾ?" ಎಂದರು.

ಆದರೆ ಅವನು ನಿಂತದ್ದು ಐಸ್‌ಕ್ರೀಮ್ ಕೊಡುವ ಮೇಜಿನ ಮುಂದೆ. ಹಿಂದೆ ಜನಜಂಗುಳಿ, ಟೋಪಿ ಹಾಕಿದ ಬಡಿಸುವವರು, ಸ್ಟೀಲಿನ ಪಾತ್ರೆಗಳು. ಎಲ್ಲಕ್ಕಿಂತ ಮೇಲೆ ಗೋಡೆಯಲ್ಲಿ 'ಕೈ ತೊಳೆಯುವ ಸ್ಥಳ' ಎಂಬ ಬೋರ್ಡು. ಅದರ ಕೆಂಪು ಬಾಣ ನೇರವಾಗಿ ತಮ್ಮನ ತಲೆಯನ್ನು ತೋರಿಸುತ್ತಿತ್ತು.

ನಮ್ಮಲ್ಲಿ ಸಂಬಂಧ ಕುದುರಿಸುವ ಕೆಲಸ ಅಪ್ಪನ ತಂಗಿಯದು. ಉಡುಪಿಯಲ್ಲಿರುವ ಈ ಅತ್ತೆ ಕೈಹಾಕದೆ ನಮ್ಮ ಕುಟುಂಬದಲ್ಲಿ ಯಾರ ಮದುವೆಯೂ ಆಗಿಲ್ಲ. ಕಾರ್ಕಳದ ಕಡೆಯ ಒಂದು ಒಳ್ಳೆಯ ಸಂಬಂಧವನ್ನು ಅವರೇ ಹುಡುಕಿ ತಂದಿದ್ದರು. ಹುಡುಗಿಗೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ಬಳಿ, ಅಂದರೆ ಗೋತ್ರ, ಬೇಕಾದಂತೆ ಬೇರೆಯೇ ಇತ್ತು, ಜಾತಕವೂ ಕೂಡಿಬಂದಿತ್ತು. ನಾನು ಫೋಟೋ ಕಳಿಸಿದ ಕೂಡಲೇ ಅತ್ತೆಯ ಫೋನ್ ಬಂತು.

"ಇದು ಎಂತ ಮಾರಾಯ್ತಿ, ತಲೆಯ ಮೇಲೆ ಕೈ ತೊಳೆಯುವ ಬೋರ್ಡು? ಇದನ್ನು ನೋಡಿ ಯಾರು ಹೆಣ್ಣು ಕೊಡುತ್ತಾರೆ? ನಿನಗೆ ಕಂಪ್ಯೂಟರ್ ಗೊತ್ತುಂಟಲ್ಲ, ಹಿಂದಿನದ್ದೆಲ್ಲ ತೆಗೆದು ಒಳ್ಳೆಯದು ಎಂತಾದರೂ ಹಾಕು. ಮುಖ ಮಾತ್ರ ಮುಟ್ಟಬೇಡ."

ಕಂಪ್ಯೂಟರ್ ಗೊತ್ತಿರುವುದು ನಿಜ. ಮಣಿಪಾಲದ ಒಂದು ಖಾಸಗಿ ಕಚೇರಿಯಲ್ಲಿ ನನ್ನ ಕೆಲಸ. ನೋಟೀಸು, ಬ್ಯಾನರು, ನಿವೃತ್ತಿಯಾಗುವವರಿಗೆ ಶುಭ ಹಾರೈಸುವ ಕಾರ್ಡು ಇಂಥದ್ದನ್ನೆಲ್ಲ ಮಾಡುತ್ತ ಮಾಡುತ್ತ ಫೋಟೋ ತಿದ್ದುವ ಸಾಫ್ಟ್‌ವೇರನ್ನು ಅಷ್ಟಿಷ್ಟು ಕಲಿತಿದ್ದೆ. ಅಷ್ಟಿಷ್ಟು ಕಲಿತವರಿಗೆ ಇರುವಷ್ಟು ಧೈರ್ಯ ಪೂರ್ತಿ ಕಲಿತವರಿಗೆ ಇರುವುದಿಲ್ಲ. "ಅದು ಐದು ನಿಮಿಷದ ಕೆಲಸ" ಎಂದುಬಿಟ್ಟೆ.

ಯಾವ ಹಿನ್ನೆಲೆ ಹಾಕುವುದು ಎಂಬ ಚರ್ಚೆಯೇ ಎರಡು ಸಂಜೆ ನಡೆಯಿತು. ನನ್ನ ಗಂಡನ ಮನೆಯೂ ಬೆಳ್ಮಣ್ಣಿನಲ್ಲೇ ಇರುವುದರಿಂದ ತವರಿಗೆ ಗದ್ದೆಯ ಅಂಚಿನಲ್ಲಿ ನಡೆದು ಹೋಗಬಹುದು. ಹಾಗಾಗಿ ಇಂಥ ಚರ್ಚೆ ಯಾವುದೂ ನನಗೆ ತಪ್ಪುವುದಿಲ್ಲ. ಅಮ್ಮನಿಗೆ ದೇವಸ್ಥಾನದ ಗೋಪುರ ಬೇಕಿತ್ತು. ಅಪ್ಪ, "ಅಂಗಡಿಯನ್ನೇ ಹಾಕು, ದುಡಿಯುವವನು ಅಂತ ಗೊತ್ತಾಗಲಿ" ಎಂದರು. ಅಂಗಡಿಯಲ್ಲಿ ಸುತ್ತಲೂ ಬಿಚ್ಚಿ ಹಾಕಿದ ಮೋಟರುಗಳು, ಗ್ರೀಸು. ಅದಕ್ಕಿಂತ ಕೈ ತೊಳೆಯುವ ಸ್ಥಳವೇ ವಾಸಿ ಎಂದು ನಾನು ಹೇಳಿದೆ. ತಮ್ಮನನ್ನು ಕೇಳಿದರೆ, "ಬಿಳಿ ಹಾಕು. ಪಾಸ್‌ಪೋರ್ಟಿಗಾದರೂ ಆಗ್ತದೆ" ಎಂದ. ಕೊನೆಗೆ ಯಾರನ್ನೂ ಕೇಳದೆ ಕಾಪುವಿನ ಕಡಲತೀರವನ್ನು ಆರಿಸಿದೆ. ಸಹೋದ್ಯೋಗಿಗಳ ಜೊತೆ ಅಲ್ಲಿಗೆ ಹೋಗಿದ್ದಾಗ ನಾನೇ ತೆಗೆದಿದ್ದ ಒಂದು ಚಿತ್ರ ಇತ್ತು: ಸಂಜೆಯ ಬಿಸಿಲು, ಬಂಡೆ, ಬಂಡೆಯ ಮೇಲೆ ದೀಪಸ್ತಂಭ.

ಐದು ನಿಮಿಷದ ಕೆಲಸ ಭಾನುವಾರವನ್ನೆಲ್ಲ ನುಂಗಿತು. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ಮನುಷ್ಯನನ್ನು ಹಿನ್ನೆಲೆಯಿಂದ ತಾನೇ ಬೇರೆ ಮಾಡಿಕೊಡುತ್ತದೆ. ಒತ್ತಿದೆ. ತಮ್ಮ ಬೇರೆಯಾಗಿ ಬಂದ, ಆದರೆ ಎಡಗಿವಿ ಐಸ್‌ಕ್ರೀಮ್ ಮೇಜಿನ ಜೊತೆಗೇ ಉಳಿದುಬಿಟ್ಟಿತು. ಅವನದು ಗುಂಗುರು ಕೂದಲು. ಅದನ್ನು ಸುತ್ತ ಕತ್ತರಿಸಿ ಹೆಲ್ಮೆಟ್ ತೊಡಿಸಿದ ಹಾಗೆ ಮಾಡಿತ್ತು. ಆಮೇಲೆ ಒಂದೊಂದೇ ವೀಡಿಯೋ ನೋಡಿ ಸರಿಯಾದ ದಾರಿ ಕಲಿತೆ. ಬೇಡದ್ದನ್ನು ಅಳಿಸಬಾರದು, ಮೇಲೊಂದು ಮುಸುಕು ಎಳೆದು ಮರೆಮಾಡಬೇಕು. ಆಗ ತಪ್ಪಿದರೂ ಮುಸುಕನ್ನು ಅಲ್ಲಿ ಸ್ವಲ್ಪ ಸರಿಸಿದರೆ ಕಿವಿ ಮರಳಿ ಬರುತ್ತದೆ. ಅಂಚನ್ನು ಚಾಕುವಿನಿಂದ ಕೊಯ್ದ ಹಾಗೆ ಬಿಡದೆ ಕೊಂಚ ಮೆತ್ತಗೆ ಮಾಡಬೇಕು. ಕೂದಲಿಗೆ ಬೇರೆಯದೇ ಕುಂಚ, ಬೇರೆಯದೇ ತಾಳ್ಮೆ. ಹಾಲ್‌ನ ಟ್ಯೂಬ್‌ಲೈಟಿನ ಕೆಳಗೆ ನಿಂತವನನ್ನು ಕಡಲತೀರದಲ್ಲಿ ನಿಲ್ಲಿಸಿದರೆ ಮುಖ ಮಾತ್ರ ಬಿಳಿಚಿಕೊಂಡು ಜ್ವರ ಬಂದವನಂತೆ ಕಾಣುತ್ತದೆ. ಅದಕ್ಕೆ ಸಂಜೆಯ ಬಣ್ಣವನ್ನು ಹದವಾಗಿ ಬೆರೆಸಬೇಕು. ದೀಪಸ್ತಂಭವನ್ನು ಸ್ವಲ್ಪ ಮಸುಕು ಮಾಡಬೇಕು, ಇಲ್ಲದಿದ್ದರೆ ಅದು ಅವನ ಭುಜದಲ್ಲೇ ಮೊಳೆತ ಹಾಗಿರುತ್ತದೆ.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ತಮ್ಮ ಕಾಪುವಿನಲ್ಲಿ ನಿಂತು ಕಡಲ ಗಾಳಿಗೆ ಮೈಮರೆತು ನಗುತ್ತಿದ್ದ. ಅಮ್ಮ ಎರಡು ಸಲ ನೋಡಿದರು. ಅಪ್ಪ, "ಇವನು ಕಾಪುವಿಗೆ ಯಾವಾಗ ಹೋದದ್ದು?" ಎಂದು ಕೇಳಿದರು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ. ಫೋಟೋ ಅತ್ತೆಗೆ ಹೋಯಿತು, ಅತ್ತೆಯಿಂದ ಹುಡುಗಿಯ ಮನೆಗೆ ಹೋಯಿತು. ಅಲ್ಲಿಂದ ಹುಡುಗಿಯ ಫೋಟೋ ನಮಗೆ ಬಂತು. ಗುಲಾಬಿ ಹೂಗಳ ತೋಟವೊಂದರಲ್ಲಿ ನಿಂತಿದ್ದ ಅವಳ ಮುಖದಲ್ಲಿ, ಹೇಳಲೋ ಬೇಡವೋ ಎನ್ನುವಂಥ ತುಂಟತನ ಇತ್ತು. ತಮ್ಮ ಆ ಫೋಟೋ ನೋಡಿದ. ಮೊಬೈಲನ್ನು ಬೇಗ ವಾಪಸು ಕೊಡಲಿಲ್ಲ.

ಎರಡು ದಿನ ಕಳೆದು, ಬೆಳಗ್ಗೆ ಬಸ್ಸಿಗೆ ಹೋಗುವ ದಾರಿಯಲ್ಲಿ ತವರಿಗೆ ಇಣುಕಿದರೆ ಅಮ್ಮ ನನ್ನನ್ನೇ ಕಾಯುತ್ತಿದ್ದರು. ಅತ್ತೆ ಆಗಷ್ಟೇ ಫೋನ್ ಮಾಡಿದ್ದರಂತೆ.

ಅಮ್ಮ ದನಿ ತಗ್ಗಿಸಿ ಕೇಳಿದರು: "ಫೋಟೋದಲ್ಲಿ ಇವನ ಪಕ್ಕ ಒಬ್ಬಳು ಹೆಂಗಸು ಇದ್ದಾಳಂತೆ, ಹೌದಾ?"

"ಯಾವ ಹೆಂಗಸು?"

"ಹಸಿರು ಸೀರೆಯವಳು. ಅವಳನ್ನು ಕತ್ತರಿಸಿ ತೆಗೆದಿದ್ದೀರಿ ಅಂತ ಹುಡುಗಿಯ ತಾಯಿ ಹೇಳಿದರಂತೆ. ಹುಡುಗನಿಗೆ ಮೊದಲೇ ಒಂದು ಮದುವೆ ಆಗಿ ಬಿಟ್ಟದ್ದಾ ಅಂತ ಕೇಳಿದರಂತೆ."

ತಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. "ಯಾರು ಅಕ್ಕ ಅದು? ನನಗೂ ಹೇಳು" ಎಂದ.

ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು: "ಹೆಂಗಸು ಇದ್ದಿದ್ದರೆ ಈ ಫೋಟೋದ ಕೆಲಸವೇ ಇರಲಿಲ್ಲವಲ್ಲ."

ಬಸ್ಸಿನಲ್ಲಿ ಕೂತು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೂದಲು ಸರಿ ಇತ್ತು. ಕಿವಿ ಎರಡೂ ಇದ್ದವು. ಕೊನೆಗೆ ಸೊಂಟದ ಮೇಲಿಟ್ಟ ಕೈಯ ಹತ್ತಿರ ಬಂದೆ. ಮೊಣಕೈ ಮತ್ತು ಮೈಯ ನಡುವೆ ಒಂದು ತ್ರಿಕೋನದ ಸಂದಿ ಇರುತ್ತದಲ್ಲ, ಅಲ್ಲಿ ಕಡಲು ಕಾಣಬೇಕಿತ್ತು. ಕಡಲಿರಲಿಲ್ಲ. ಹಸಿರು ಸೀರೆಯ ನೆರಿಗೆಯೂ ಜರಿಯ ಅಂಚೂ ಇದ್ದವು. ದಿನವಿಡೀ ಕೂದಲೆಳೆ ಎಣಿಸಿದವಳು ಅಷ್ಟು ದೊಡ್ಡ ಸಂದಿಗೆ ಮುಸುಕು ಹಾಕುವುದನ್ನೇ ಮರೆತಿದ್ದೆ. ನೋಡಿದರೆ ನಿಜಕ್ಕೂ ಒಬ್ಬಳು ಹೆಂಗಸು ತಮ್ಮನಿಗೆ ಅಂಟಿಕೊಂಡು ನಿಂತಿದ್ದು, ಅವಳನ್ನು ಕಡಲಿಗೆ ನೂಕಿದ ಹಾಗಿತ್ತು.

ಕಚೇರಿಗೆ ಹೋದವಳೇ ಮೂಲ ಫೋಟೋ ತೆರೆದೆ. ಹಿಂದಿದ್ದದ್ದೆಲ್ಲ ಹೇಗೂ ಹೋಗುವುದೇ ಎಂದು ನಾನು ಅದರಲ್ಲಿದ್ದ ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ತಮ್ಮನ ಬೆನ್ನ ಹಿಂದೆ, ಅರ್ಧ ಮುಖ ಮಾತ್ರ ಕಾಣುವಂತೆ ನಿಂತಿದ್ದ ಹಸಿರು ಸೀರೆಯ ಹೆಂಗಸು ನಮ್ಮ ಅತ್ತೆ. ಬಾಯಲ್ಲಿ ಐಸ್‌ಕ್ರೀಮಿನ ಚಮಚ. ಒಂದು ಕೈಯಲ್ಲಿ ಖಾಲಿ ಕಪ್ಪು. ಇನ್ನೊಂದು ಕೈ ಎರಡನೆಯ ಕಪ್ಪಿಗೆ ಚಾಚಿತ್ತು.

ಇದರ ಗಂಭೀರತೆ ತಿಳಿಯಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟ ದಿನದಿಂದ ಅವರು ಅದರ ಬಗ್ಗೆ ಕುಟುಂಬಕ್ಕೆಲ್ಲ ಉಪದೇಶ ಮಾಡುತ್ತ ಬಂದಿದ್ದಾರೆ. ನನ್ನ ಅಮ್ಮ ಪಾಯಸ ಬಡಿಸಿಕೊಂಡರೆ, "ಅತ್ತಿಗೆ, ನಾಲಗೆ ನಮ್ಮ ಹಿಡಿತದಲ್ಲಿ ಇರಬೇಕು" ಎನ್ನುತ್ತಾರೆ. ಆ ಮದುವೆಯ ದಿನವೂ ಅದನ್ನೇ ಹೇಳಿದ್ದರು.

ಫೋನ್ ಮಾಡಿದೆ. "ಅತ್ತೆ, ಆ ಹೆಂಗಸು ಸಿಕ್ಕಿದರು."

"ಯಾರು? ಯಾರವಳು?"

"ನೀವೇ."

"ನಾನಾ? ನಾನು ಐಸ್‌ಕ್ರೀಮಿನ ಕಡೆ ಹೋಗಲೇ ಇಲ್ಲ" ಎಂದರು.

"ಐಸ್‌ಕ್ರೀಮಿನ ಸುದ್ದಿ ನಾನಿನ್ನೂ ಹೇಳಲಿಲ್ಲವಲ್ಲ ಅತ್ತೆ."

"ಅದು… ಯಾರದೋ ಮಕ್ಕಳಿಗೆ ಕೊಡಲಿಕ್ಕೆ ತೆಗೆದುಕೊಂಡದ್ದು."

"ಚಮಚ ನಿಮ್ಮ ಬಾಯಲ್ಲಿ ಉಂಟು."

ಅತ್ತೆಯ ದನಿ ಪೂರ್ತಿ ಬದಲಾಯಿತು. "ನೋಡು ಮಗಾ, ನಿನಗೆ ಒಂದು ಇಡೀ ಹಾಲ್ ತೆಗೆದು ಸಮುದ್ರ ಹಾಕಲಿಕ್ಕೆ ಬರುತ್ತದೆ. ಒಂದು ಚಮಚ ತೆಗೆಯಲಿಕ್ಕೆ ಬರುವುದಿಲ್ಲವಾ?"

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದಕ್ಕೂ ಕೈಹಾಕಿದೆ. ಚಮಚ ಹೋಯಿತು. ಆದರೆ ತೆರೆದ ಬಾಯಿ ಹಾಗೇ ಉಳಿಯಿತು. ಅತ್ತೆ ಮದುವೆಮನೆಯಲ್ಲಿ ನಿಂತು ಯಾರನ್ನೋ ಕೂಗಿ ಬೈಯುತ್ತಿರುವಂತೆ ಕಂಡಿತು. ಬಾಯಿ ಮುಚ್ಚಿಸಲು ಹೋದರೆ ಅತ್ತೆ ಅತ್ತೆಯಾಗಿ ಉಳಿಯಲಿಲ್ಲ.

ಸಂಜೆ ತವರಿನಲ್ಲಿ ತಮ್ಮನಿಗೆ ಅದನ್ನು ತೋರಿಸಿದೆ. ಅವನು ಬಹಳ ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ.

"ಇದು ಯಾರೂ ಅಲ್ಲ ಅಕ್ಕ. ಇನ್ನು ಮುಟ್ಟಬೇಡ. ತೋರಿಸುವುದಾದರೆ ಇದ್ದ ಹಾಗೆ ತೋರಿಸು. ಆದರೆ ಅತ್ತೆಯನ್ನು ಕೇಳದೆ ಯಾರಿಗೂ ತೋರಿಸಬೇಡ."

"ಅತ್ತೆ ಬೇಡ ಅಂದರೆ?"

"ಬೇಡ ಅಂದರೆ ಬಿಡು."

"ಸಂಬಂಧ ಹೋಗ್ತದೆ ಮಾರಾಯ. ನಿನಗೆ ಮೊದಲೇ ಹೆಂಡತಿ ಇದ್ದಾಳೆ ಅಂತ ಕಾರ್ಕಳದಲ್ಲಿ ಸುದ್ದಿ ಆಗ್ತದೆ."

"ಆಗಲಿ. ಒಂದು ಸಲವಾದರೂ ಮದುವೆ ಆದ ಹಾಗೆ ಆಯಿತಲ್ಲ" ಎಂದು ಸ್ಕ್ರೂಡ್ರೈವರ್ ಹಿಡಿದು ಹೊರಗೆ ಹೋದ.

ಅವನು ಹೇಳಿದ್ದನ್ನು ಅತ್ತೆಗೆ ಹಾಗೆಯೇ ತಿಳಿಸಿದೆ. ಮರುದಿನ ಅವರೇ ಫೋನ್ ಮಾಡಿ ಒಪ್ಪಿಕೊಂಡರು. ಆದರೆ ಷರತ್ತುಗಳಿದ್ದವು: ಹುಡುಗಿಗೆ ಮಾತ್ರ ತೋರಿಸಬೇಕು, ಅವಳ ತಾಯಿಗೆ ತೋರಿಸಬಾರದು. ವಾಟ್ಸಾಪಿನಲ್ಲಿ ಕಳಿಸಲೇಬಾರದು. ಎದುರು ಕೂತು ತೋರಿಸಿ, ಮೊಬೈಲನ್ನು ಕೂಡಲೇ ಚೀಲದೊಳಗೆ ಹಾಕಬೇಕು.

ಹೀಗಾಗಿ ನಾನು ಆ ಹುಡುಗಿಯನ್ನು ಭೇಟಿಯಾದದ್ದು ಮಣಿಪಾಲದ ಒಂದು ಸಣ್ಣ ಹೋಟೆಲಿನಲ್ಲಿ, ಇಬ್ಬರ ಕೆಲಸವೂ ಮುಗಿದ ಮೇಲೆ. ನಾನು ಹೋಗುವ ಮೊದಲೇ ಬಂದು ಗೋಳಿಬಜೆ ತಿನ್ನುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಕೂತುಕೊಳ್ಳಿ ಅಕ್ಕ. ಬಿಸಿ ಉಂಟು, ನಿಮಗೂ ಹೇಳಿದ್ದೇನೆ" ಎಂದಳು.

ನಾನು ಪೀಠಿಕೆ ಹಾಕಲು ಹೊರಟರೆ ಅವಳೇ ಕ್ಷಮೆ ಕೇಳಿದಳು. "ಮದುವೆ, ಹೆಂಡತಿ ಅದೆಲ್ಲ ನಮ್ಮ ಅಮ್ಮ ಕಟ್ಟಿದ ಕತೆ. ನಾನು ಕೇಳಿದ್ದು ಇಷ್ಟೇ, ಸಮುದ್ರದ ಮಧ್ಯೆ ಸೀರೆಯ ಅಂಚು ಎಲ್ಲಿಂದ ಬಂತು ಅಂತ."

"ಅಷ್ಟು ಸಣ್ಣದು ನಿಮಗೆ ಹೇಗೆ ಕಂಡಿತು?"

"ದಿನವಿಡೀ ಅದೇ ಕೆಲಸ ಅಲ್ವಾ? ಮೈಮೇಲಿದ್ದದ್ದೆಲ್ಲ ತೆಗೆದಿದ್ದೇವೆ ಅಂತ ಹೇಳಿ ಬಂದು ನಿಲ್ಲುತ್ತಾರೆ. ಎಕ್ಸ್-ರೇ ತೆಗೆದರೆ ಪಿನ್ನು ಉಂಟು, ತಾಯಿತ ಉಂಟು. ಬೇಡದ್ದೇ ಮೊದಲು ಕಣ್ಣಿಗೆ ಬೀಳುವುದು."

ನಾನು ಮೊಬೈಲ್ ತೆಗೆದು ಮೂಲ ಫೋಟೋ ತೋರಿಸಿದೆ. ಮೊದಲು ಬೋರ್ಡಿನ ಬಾಣ ನೋಡಿ ನಕ್ಕಳು. ಆಮೇಲೆ ಚಮಚ ಕಂಡಿತು. ಇವರು ಯಾರೆಂದು ಹೇಳಿದಾಗ, ಅವಳಿಗೆ ಫೋನಿನಲ್ಲಿ ಅತ್ತೆಯ ಉಪದೇಶ ಆಗಲೇ ಸಿಕ್ಕಿದ್ದಿರಬೇಕು, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಕ್ಕು ಸುಸ್ತಾದ ಮೇಲೆ ಫೋಟೋವನ್ನು ಮತ್ತೊಮ್ಮೆ ನೋಡಿ ಕೇಳಿದಳು: "ಇವರು ಇಷ್ಟು ನಗುತ್ತಿರುವುದು ಯಾಕೆ?"

ನನಗೆ ಗೊತ್ತಿರಲಿಲ್ಲ. ಆ ನಗುವನ್ನು ಹಾಲ್‌ನಿಂದ ಎತ್ತಿ ಕಡಲತೀರದಲ್ಲಿ ನಿಲ್ಲಿಸಿದವಳು ನಾನು, ಅದು ಯಾಕೆ ಬಂತೆಂದು ಮಾತ್ರ ಕೇಳಿರಲಿಲ್ಲ. "ಅವನನ್ನೇ ಕೇಳುವ" ಎಂದು ಅಲ್ಲಿಂದಲೇ ಫೋನ್ ಮಾಡಿ, ಅವಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದೆ.

"ಆ ಫೋಟೋದಲ್ಲಿ ಎಂತಕ್ಕೆ ನಗುತ್ತಾ ಇದ್ದದ್ದು ನೀನು?"

"ಈಗ ಯಾಕೆ ಅದು?" ಎಂದ. ಹಿಂದೆ ಮೋಟರಿನ ಸದ್ದು. "ಅತ್ತೆಗೆ ಅಡ್ಡ ನಿಂತಿದ್ದೆ. ಅವರ ಮಗ ಅಲ್ಲೇ ಊಟಕ್ಕೆ ಕೂತಿದ್ದ. ನೀನು ಅಗಲ ಇದ್ದೀ, ಎರಡನೇ ಕಪ್ ಸಿಗುವವರೆಗೆ ಅಲ್ಲಾಡಬೇಡ, ಕೈ ಸೊಂಟದ ಮೇಲೆ ಇಟ್ಟುಕೋ, ಇನ್ನೂ ಅಗಲ ಆಗ್ತದೆ ಅಂದರು. ನಗು ತಡೆಯಲಿಕ್ಕೆ ಆಗಲಿಲ್ಲ."

"ಇದನ್ನು ಮೊದಲೇ ಹೇಳಬಾರದಿತ್ತಾ?"

"ಹೇಳುವುದಾದರೆ ಅಡ್ಡ ನಿಲ್ಲುವುದು ಯಾಕೆ?" ಎಂದು ಫೋನ್ ಇಟ್ಟ. ನನ್ನ ಎದುರಿಗೆ ಯಾರಿದ್ದರು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಕುತ್ತಿಗೆ ಸೆಟೆಯುತ್ತಿತ್ತು.

ಹುಡುಗಿ ಗೋಳಿಬಜೆಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನಮ್ಮ ಅಮ್ಮನಿಗೆ ನಾನು ಹೇಳುತ್ತೇನೆ. ಅದು ಅತ್ತೆಯ ಸೀರೆ ಅಂತ ಮಾತ್ರ. ಉಳಿದದ್ದು ಬೇಡ" ಎಂದಳು. ಎದ್ದು ಹೊರಡುವಾಗ ನನ್ನ ಕಡೆ ವಾಲಿ, "ಮತ್ತೆ ಅಕ್ಕ, ನನ್ನ ಫೋಟೋದ ಹೂವಿನ ತೋಟ ಹೇಗಿತ್ತು?" ಎಂದು ಕೇಳಿದಳು.

"ಚೆನ್ನಾಗಿತ್ತು. ಎಲ್ಲಿ ಅದು?"

"ನನಗೂ ಗೊತ್ತಿಲ್ಲ. ಸ್ಟುಡಿಯೋದವರು ಹಾಕಿದ್ದು. ನಾನು ನಿಂತದ್ದು ನಮ್ಮ ಮನೆಯ ನೀರಿನ ಟ್ಯಾಂಕಿಯ ಹತ್ತಿರ."

ಮನೆಗೆ ಬಂದು ಆ ಫೋಟೋ ತೆರೆದು ನೋಡಿದೆ. ಅಂಚು ಎಷ್ಟು ನವಿರಾಗಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಹುಡುಗಿ ನೋಡುವ ಶಾಸ್ತ್ರಕ್ಕೆ ಕಾರ್ಕಳಕ್ಕೆ ಹೋದೆವು. ಅತ್ತೆ ಬೇರೆ ಬಣ್ಣದ ಸೀರೆ ಉಟ್ಟು ಬಂದಿದ್ದರು. ಹುಡುಗಿ ಎಲ್ಲರಿಗೂ ಕಾಫಿ ಕೊಡುತ್ತ ಬಂದವಳು ಅತ್ತೆಯ ಎದುರು ನಿಂತು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, "ನಿಮಗೆ ಸಕ್ಕರೆ ಹಾಕದ್ದು ಬೇರೆಯೇ ಉಂಟು ಅತ್ತೆ" ಎಂದಳು. ಅತ್ತೆ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕಾಫಿ ತೆಗೆದುಕೊಂಡರು. "ಒಳ್ಳೆಯ ಹುಡುಗಿ" ಎಂದು ನನ್ನ ಕಿವಿಯಲ್ಲಿ ಹೇಳುವಾಗ ಅವರ ಕಣ್ಣಂಚಿನಲ್ಲಿ ನೀರು ಬಂದಿತ್ತು. ನಗುವನ್ನು ಒತ್ತಿ ಹಿಡಿದದ್ದಕ್ಕೋ, ಕಾಫಿಯ ಕಹಿಗೋ ತಿಳಿಯಲಿಲ್ಲ.

ಮಾತಾಡಲಿ ಎಂದು ಹುಡುಗ ಹುಡುಗಿಯನ್ನು ಅಂಗಳಕ್ಕೆ ಕಳಿಸಿದರು. ಒಳಗಿನಿಂದ ನಾವು ಹೆಂಗಸರು ಕಿಟಕಿಯ ಕಡೆ ನೋಡದ ಹಾಗೆ ನೋಡುತ್ತಿದ್ದೆವು. ತಮ್ಮ ಮೊದಲು ಮರದ ಹಾಗೆ ನಿಂತಿದ್ದ. ಸ್ವಲ್ಪ ಹೊತ್ತಿಗೆ ಇಬ್ಬರೂ ಹಿತ್ತಲಿನ ಕಡೆ ನಡೆದು ಮರೆಯಾದರು. ಬಹಳ ಹೊತ್ತಾದರೂ ಬರಲಿಲ್ಲ. ಹುಡುಗಿಯ ತಾಯಿ ಎರಡು ಸಲ ಕೆಮ್ಮಿದರು. ಬಂದಾಗ ತಮ್ಮನ ಪ್ಯಾಂಟಿಗೆ ಪಾಚಿ ಹತ್ತಿತ್ತು. ಅವನು ನಗುತ್ತಿದ್ದ, ಕಣ್ಣು ಕೆನ್ನೆ ಎಲ್ಲ ಸೇರಿಸಿ.

ಒಪ್ಪಿಗೆ ಅಲ್ಲೇ ಆಯಿತು. ಮಳೆಗಾಲ ಮುಗಿದ ಮೇಲೆ ಮದುವೆಯೂ ಆಯಿತು. ಅವಳು ಈಗಲೂ ಮಣಿಪಾಲಕ್ಕೆ ಕೆಲಸಕ್ಕೆ ಬರುತ್ತಾಳೆ. ಬಿಡುವಿದ್ದಾಗ ನಾವಿಬ್ಬರೂ ಒಟ್ಟಿಗೆ ಊಟ ಮಾಡುತ್ತೇವೆ. ನಾನು ಮಾಡಿದ ಬ್ಯಾನರುಗಳಲ್ಲಿ ತಪ್ಪು ಹುಡುಕುವುದು ಅವಳಿಗೆ ಊಟಕ್ಕಿಂತ ರುಚಿ.

ಆ ದಿನ ಕಾರ್ಕಳದಿಂದ ಕಾರಿನಲ್ಲಿ ಮರಳುವಾಗ ಅಮ್ಮನಿಗೆ ತಡೆಯಲಾಗಲಿಲ್ಲ. "ಅಷ್ಟು ಹೊತ್ತು ಎಂತ ಮಾತಾಡಿದೆ ಅವಳ ಹತ್ತಿರ?"

"ಬಾವಿ ಎಷ್ಟು ಆಳ ಉಂಟು ಅಂತ ಕೇಳಿದೆ."

ಅಮ್ಮ ಹಣೆ ಹಿಡಿದುಕೊಂಡರು. "ಹುಡುಗಿಯ ಹತ್ತಿರ ಮೊದಲ ಸಲ ಕೇಳುವುದು ಇದನ್ನಾ? ಅದಕ್ಕೆ ಅವಳು ಎಂತ ಹೇಳಿದಳು?"

ತಮ್ಮ ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಹಗ್ಗ ತಂದು ಕೊಟ್ಟಳು."